ಎರಡು ರಾಜ್ಯದ ರಜೆಪಟ್ಟಿಗಳ ನಡುವೆ ಗಡಿನಾಡ ಮಕ್ಕಳ ಪ್ರವಾಸ

ಸಂಪಾದಕರಿಗೆ,

ಮಾನ್ಯರೇ,

ಬೇಸಿಗೆ ರಜೆಯನ್ನು ಏಪ್ರಿಲ್-ಮೇ ಬಿಟ್ಟು ಜೂನ್-ಜುಲೈಗೆ ಕೊಟ್ಟರೆ ಹೇಗೆ ಎಂಬ ಪ್ರಶ್ನೆಯನ್ನು 2025ರ ಜುಲೈಯಲ್ಲಿ ಕೇರಳದ ಶಿಕ್ಷಣ ಸಚಿವರಾಗಿ ವಿ. ಶಿವನ್‌ಕುಟ್ಟಿ ಅವರು ಜನರ ಮುಂದೆ ಇಟ್ಟಿದ್ದರು. ಅಂದಿನಿಂದ ಈ ಮಾತು ಬಂದಾಗಲೆಲ್ಲ ಸೆಕೆಯ ಲೆಕ್ಕ ಬರುತ್ತದೆ, ಮಳೆಯ ಲೆಕ್ಕ ಬರುತ್ತದೆ, ಪಾಠದ ದಿನಗಳ ಲೆಕ್ಕವೂ ಬರುತ್ತದೆ. ರಜೆಯಲ್ಲಿ ಮಕ್ಕಳು ಯಾರೊಟ್ಟಿಗೆ ಎಲ್ಲಿಗೆ ಹೋಗುತ್ತಾರೆ ಎಂಬ ಲೆಕ್ಕ ಮಾತ್ರ ಬರುವುದಿಲ್ಲ. ಅದರಲ್ಲೂ ಕಾಸರಗೋಡಿನ ಕನ್ನಡ ಮನೆಗಳ ಮಕ್ಕಳ ಸಂಗತಿಯನ್ನು ಯಾರೂ ಎತ್ತುವುದಿಲ್ಲ. ನಾನು ಬದಿಯಡ್ಕದ ಕಡೆಯವನು, ಟೆಂಪೋ ಟ್ರಾವೆಲರ್ ಇಟ್ಟುಕೊಂಡು ಸ್ವಂತ ಓಡಿಸುವವನು. ಮದುವೆ, ದೇವಸ್ಥಾನ, ಆಸ್ಪತ್ರೆ ಬಾಡಿಗೆ ಎಲ್ಲ ಇದೆ. ಆದರೆ ಶಾಲೆಗೆ ರಜೆ ಸಿಕ್ಕಿದ ಕೂಡಲೇ ಬರುವ ಫೋನುಗಳು ಹೆಚ್ಚಾಗಿ ಒಂದೇ ವಿಷಯಕ್ಕೆ: ಮಕ್ಕಳನ್ನು ಕರೆದುಕೊಂಡು ನೀರಾಟ, ರೈಡು ಇರುವ ಪಾರ್ಕಿಗೆ ಹೋಗಬೇಕು, ಯಾವಾಗ ಹೋದರೆ ಒಳ್ಳೆಯದು? ಈ ಪತ್ರದಲ್ಲಿ ನನ್ನ ಹೊಟ್ಟೆಪಾಡಿನ ಸಂಗತಿಯೂ ಇದೆ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ಆದರೆ ಬರೆಯಲು ಕೂತದ್ದು ಎಂಟನೇ ಕ್ಲಾಸಿನ ಮಗಳ ಅಪ್ಪನಾಗಿ.

ನಮ್ಮ ಕಡೆಯ ಮನೆಗಳು ಹೇಗಿವೆ ಎಂದು ಘಟ್ಟದ ಮೇಲಿನ ಓದುಗರಿಗೆ ಒಂದಿಷ್ಟು ಹೇಳಬೇಕು. ನನ್ನ ಮಗಳು ಕೇರಳ ಸರಕಾರದ ಪಠ್ಯಕ್ರಮದ ಕನ್ನಡ ಮಾಧ್ಯಮ ಶಾಲೆಗೆ ಹೋಗುತ್ತಾಳೆ. ಅವಳ ಅಜ್ಜಿ ಮನೆ ವಿಟ್ಲದ ಹತ್ತಿರ. ಪೆರ್ಲ ಕಳೆದು ಸಾರಡ್ಕದಲ್ಲಿ ಗಡಿ ದಾಟಿದರೆ ಬೈಕಿನಲ್ಲಿ ಎಷ್ಟು ಹೊತ್ತಿನ ದಾರಿ? ಆದರೂ ಅಲ್ಲಿರುವ ಅವಳ ಮಾವನ ಮಕ್ಕಳಿಗೆ ಕರ್ನಾಟಕದ ಶಾಲೆ, ಕರ್ನಾಟಕದ ರಜೆ. ಬದಿಯಡ್ಕ, ನೀರ್ಚಾಲು, ಮುಳ್ಳೇರಿಯ, ವರ್ಕಾಡಿ, ಎಲ್ಲಿ ಕೇಳಿದರೂ ಹೀಗೆಯೇ. ಒಬ್ಬಳು ಅಕ್ಕನನ್ನು ಪುತ್ತೂರಿಗೆ ಕೊಟ್ಟಿರುತ್ತದೆ, ಒಬ್ಬ ತಮ್ಮ ಬೆಂಗಳೂರಲ್ಲಿ ಇರುತ್ತಾನೆ, ಅವನ ಮಗು ಸಿಬಿಎಸ್‌ಇ ಶಾಲೆಗೆ ಹೋಗುತ್ತದೆ. 1956ರ ನವೆಂಬರ್ 1ರಂದು ನಾವು ಕೇರಳಕ್ಕೆ ಸೇರಿದೆವು. ಸಂಬಂಧಗಳು ಸಾರಡ್ಕದಲ್ಲಾಗಲಿ ತಲಪಾಡಿಯಲ್ಲಾಗಲಿ ನಿಲ್ಲಲಿಲ್ಲ. ನಿಂತದ್ದು ಮಕ್ಕಳ ರಜೆ.

ಕೇರಳದಲ್ಲಿ ಓಣಂ ಪರೀಕ್ಷೆ ಮುಗಿದ ಮೇಲೆ ಸುಮಾರು ಹತ್ತು ದಿನದ ರಜೆ, ಕ್ರಿಸ್ಮಸ್ ಪರೀಕ್ಷೆ ಮುಗಿದ ಮೇಲೆ ಹತ್ತಿರ ಹತ್ತಿರ ಅಷ್ಟೇ. ಏಪ್ರಿಲ್, ಮೇ ಪೂರ್ತಿ ಬೇಸಿಗೆ ರಜೆ. ದಸರೆಗೆ ಪೂಜಾ ರಜೆ ಎಂದು ಎರಡೋ ಮೂರೋ ದಿನ. ಕರ್ನಾಟಕದಲ್ಲಿ ದಸರೆಗೇ ದೊಡ್ಡ ರಜೆ. 2025ರಲ್ಲಂತೂ ಸೆಪ್ಟೆಂಬರ್ 20ಕ್ಕೆ ಶುರುವಾದ ದಸರಾ ರಜೆ, ಅಧ್ಯಾಪಕರು ಸಮೀಕ್ಷೆಯ ಕೆಲಸಕ್ಕೆ ಹೋಗಬೇಕಾದ್ದರಿಂದ ಅಕ್ಟೋಬರ್ 18ರವರೆಗೆ ಮುಂದುವರಿಯಿತು. ಆಗ ವಿಟ್ಲದ ಮಕ್ಕಳು ದಿನಾ ಸಂಜೆ ಫೋನ್ ಮಾಡಿ "ಅಕ್ಕ ಯಾವಾಗ ಬರುವುದು?" ಎಂದು ಕೇಳುತ್ತಿದ್ದರು. ಅಕ್ಕನಿಗೆ ಇಲ್ಲಿ ತರಗತಿ ನಡೆಯುತ್ತಿತ್ತು. ಓಣಂ ರಜೆಯಲ್ಲಿ ಇದೇ ಪ್ರಶ್ನೆ ಈ ಕಡೆಯಿಂದ ಆ ಕಡೆಗೆ ಹೋಗಿತ್ತು.

ಹಾಗಾದರೆ ಎಲ್ಲರೂ ಒಟ್ಟಿಗೆ ಹೋಗುವುದು ಯಾವಾಗ? ಉಳಿದದ್ದು ಬೇಸಿಗೆ. ಕೇರಳದ ಶಾಲೆಗಳು ಮಾರ್ಚ್ ಕೊನೆಗೆ ಮುಚ್ಚುತ್ತವೆ, ಕರ್ನಾಟಕದ್ದು ಏಪ್ರಿಲ್ ಎರಡನೇ ವಾರಕ್ಕೆ. 2025ರಲ್ಲಿ ಅಲ್ಲಿ ಏಪ್ರಿಲ್ 11ರಿಂದ ಮೇ 28ರವರೆಗೆ ರಜೆ ಇತ್ತು. ಕಾಗದದಲ್ಲಿ ನೋಡಿದರೆ ಒಂದೂವರೆ ತಿಂಗಳು ಎರಡೂ ಕಡೆ ರಜೆ. ಆದರೆ ಆ ಒಂದೂವರೆ ತಿಂಗಳಲ್ಲಿ ಏನೆಲ್ಲ ಇಲ್ಲ! ವಿಷು, ಮದುವೆ, ಉಪನಯನ, ಗೃಹಪ್ರವೇಶ, ಊರ ಜಾತ್ರೆ, ತರವಾಡು ಮನೆಯ ದೈವದ ಕೋಲ. ಮಳೆಗಾಲದ ಮೊದಲು ಮುಗಿಸಬೇಕಾದ ಮನೆಯ ಮಾಡಿನ ಕೆಲಸ. ಹತ್ತನೇ ಕ್ಲಾಸಿನ ಮಗು ಇದ್ದರೆ ಮೇ ತಿಂಗಳಲ್ಲಿ ಫಲಿತಾಂಶ, ಅದರ ಬೆನ್ನಿಗೇ ಪ್ಲಸ್ ವನ್, ಅಂದರೆ ಹನ್ನೊಂದನೇ ಕ್ಲಾಸು ಸೇರಲು ಏಕಜಾಲಕ ಎಂಬ ಆನ್‌ಲೈನ್ ಅರ್ಜಿ. ಇಷ್ಟರ ನಡುವೆ ಎಲ್ಲರಿಗೂ ಪುರುಸೊತ್ತಿನ ಎರಡು ದಿನ ಹುಡುಕಿ ಹೊರಟರೆ, ಎರಡು ಮೂರು ರಾಜ್ಯದ ಮಕ್ಕಳೆಲ್ಲ ಅದೇ ದಿನ ಅದೇ ಗೇಟಿನಲ್ಲಿ ನಿಂತಿರುತ್ತಾರೆ. ಮೇ ತಿಂಗಳ ಬಿಸಿಲಿಗೆ ಕಾದ ಸಿಮೆಂಟಿನ ಮೇಲೆ ಬರಿಗಾಲಲ್ಲಿ ಕ್ಯೂ ನಿಂತ ಸಣ್ಣ ಮಕ್ಕಳು ಒಂದು ಕಾಲಿನಿಂದ ಇನ್ನೊಂದು ಕಾಲಿಗೆ ಭಾರ ಬದಲಿಸುತ್ತಾ ಇರುವುದನ್ನು ನೋಡಿದವರಿಗೆ ಗೊತ್ತು. ಟಿಕೆಟಿಗೆ ಕೊಟ್ಟ ಹಣದಲ್ಲಿ ಅರ್ಧ ಕ್ಯೂವಿಗೇ ಹೋಗುತ್ತದೆ.

ಒಂದೇ ಮನೆಯವರು ಹೋಗುವುದಾದರೆ ಗಡಿಯಲ್ಲಿರುವುದರಿಂದ ಒಂದು ಅನುಕೂಲವೂ ಇದೆ. ನನ್ನಲ್ಲಿ ಕೇಳಿದವರಿಗೆಲ್ಲ ಹೇಳುತ್ತೇನೆ, ಇಲ್ಲಿಯೂ ಹೇಳುತ್ತೇನೆ, ಯಾರಿಗಾದರೂ ಉಪಯೋಗವಾಗಲಿ. ಓಣಂ ರಜೆಗೆ ಕೊಚ್ಚಿಯ ಕಡೆ ಹೋಗಬೇಡಿ, ಘಟ್ಟ ಹತ್ತಿ. ನಮ್ಮಲ್ಲಿ ಹಿರಿಯರು ಈಗಲೂ ವೀಗಾಲ್ಯಾಂಡ್ ಎಂದೇ ಕರೆಯುವ, 2000ದಲ್ಲಿ ಶುರುವಾದ ಕೊಚ್ಚಿಯ ವಂಡರ್‌ಲಾದಲ್ಲಿ ಆ ವಾರ ಇಡೀ ಕೇರಳವೇ ಇರುತ್ತದೆ. ಅದೇ ಹೊತ್ತಿಗೆ ಕರ್ನಾಟಕದಲ್ಲಿ ಶಾಲೆಗಳು ನಡೆಯುತ್ತಿರುತ್ತವೆ. ಮೈಸೂರಿನ ಜಿಆರ್‌ಎಸ್ ಫ್ಯಾಂಟಸಿ ಪಾರ್ಕಿಗೋ ಬಿಡದಿಯ ವಂಡರ್‌ಲಾಕ್ಕೋ ಮಂಗಳವಾರ, ಬುಧವಾರ ಹೋದರೆ ಮಕ್ಕಳು ಒಂದೇ ರೈಡಿಗೆ ಮತ್ತೆ ಮತ್ತೆ ಹತ್ತಬಹುದು. ಟಿಕೆಟಿನ ದರವೂ ವಾರದ ನಡುವಿನ ದಿನ ಕಡಿಮೆ. ರೈಲಿನಲ್ಲಿ ಹೋಗುವವರಿಗೂ ಇದೇ ಮಾತು: ಓಣಂ ಹೊತ್ತಿಗೆ ಬೆಂಗಳೂರಿನಿಂದ ಕೇರಳಕ್ಕೆ ಬರುವ ಬಂಡಿಗಳು ತುಂಬಿ ತುಳುಕುತ್ತವೆ, ಇಲ್ಲಿಂದ ಬೆಂಗಳೂರಿಗೆ ಹೋಗುವ ಬಂಡಿಯಲ್ಲಿ ಆಗ ಸೀಟು ಸಿಗುವುದು ಅಷ್ಟು ಕಷ್ಟವಲ್ಲ. ತಿರುಗಿ ಬರುವುದು ಮಾತ್ರ ಓಣಂನ ಮುಖ್ಯ ದಿನವಾದ ತಿರುವೋಣಕ್ಕೆ ಮೊದಲೇ ಅಲ್ಲ, ಅದು ಕಳೆದ ಮರುದಿನ ಇಟ್ಟುಕೊಳ್ಳಿ. ದಸರೆಯ ಹೊತ್ತಿಗೆ ಇದಕ್ಕೆ ತಿರುಗಾಮುರುಗಾ. ಆಗ ಮೈಸೂರಿನ ಹೆಸರೆತ್ತಬಾರದು. ಕಣ್ಣೂರು ಜಿಲ್ಲೆಯ ಪರಶ್ಶಿನಿಕಡವಿನ ವಿಸ್ಮಯ ಪಾರ್ಕ್ ನಮಗೆ ಒಂದೇ ದಿನದಲ್ಲಿ ಹೋಗಿ ಬರುವಷ್ಟು ಹತ್ತಿರ. ಸಹಕಾರಿ ಸಂಘದವರು ನಡೆಸುವ ಪಾರ್ಕ್, ಮಳೆನೀರನ್ನು ಕೂಡಿಟ್ಟು ನೀರಿನ ಆಟಗಳಿಗೆ ಬಳಸುತ್ತಾರೆ. ಅಲ್ಲೇ ಹಾವುಗಳ ಪಾರ್ಕ್ ಇದೆ, ಮುತ್ತಪ್ಪನ ಗುಡಿ ಇದೆ. ಬೆಳಗ್ಗೆ ಮೊದಲು ಮುತ್ತಪ್ಪನಲ್ಲಿ ಪ್ರಸಾದಕ್ಕೆ ಕೊಡುವ ಬೇಯಿಸಿದ ಕಾಳು, ತೆಂಗಿನ ಹೋಳು, ಚಾ ಆದರೆ ಅಜ್ಜಿಯಂದಿರಿಗೂ ಬಂದದ್ದು ಸಾರ್ಥಕ ಅನ್ನಿಸುತ್ತದೆ. ಆಮೇಲೆ ಅವರು ಮಕ್ಕಳ ಒದ್ದೆ ಬಟ್ಟೆ, ಬ್ಯಾಗು ಕಾಯುತ್ತಾ ನೆರಳಲ್ಲಿ ಕೂರಲು ತಕರಾರು ಮಾಡುವುದಿಲ್ಲ.

ಇದೆಲ್ಲ ಒಂದು ಮನೆಯ ಲೆಕ್ಕ. ಎರಡು ರಾಜ್ಯದಲ್ಲಿ ಹಂಚಿಹೋದ ಮನೆಗೆ ಈ ಉಪಾಯ ನಡೆಯುವುದಿಲ್ಲ, ಏಕೆಂದರೆ ಜನ ಕಡಿಮೆ ಇರುವ ದಿನ ಎಂದರೆ ಅವರ ಮಕ್ಕಳಲ್ಲಿ ಅರ್ಧದಷ್ಟು ಮಂದಿಗೆ ಶಾಲೆ ಇರುವ ದಿನ.

ಆಗ ಏನು ಮಾಡುತ್ತಾರೆ? ಶಾಲೆ ತಪ್ಪಿಸುತ್ತಾರೆ. ನನಗೆ ತುಂಬಾ ನೋವಾಗುವುದು ಇಲ್ಲಿ. ದಸರೆಯ ಹೊತ್ತಿಗೆ ಒಂದು ಮನೆಯವರನ್ನು ಕರೆದುಕೊಂಡು ಹೋಗಿದ್ದೆ. ಪುತ್ತೂರಿನ ಮಕ್ಕಳಿಗೆ ರಜೆ, ಇಲ್ಲಿನ ಮಗುವಿಗೆ ಶಾಲೆ. ತಿರುಗಿ ಬರುವಾಗ ರಾತ್ರಿ ಜಾಲ್ಸೂರು ದಾಟಿ ಬರುತ್ತಿದ್ದೆವು. ಹಿಂದಿನ ಸೀಟಿನಲ್ಲಿ ತಾಯಿ ಮಗನಿಗೆ ಹೇಳಿಕೊಡುತ್ತಿದ್ದರು: "ನಾಳೆ ಟೀಚರ್ ಕೇಳಿದ್ರೆ ಜ್ವರ ಇತ್ತು ಅಂತ ಹೇಳು, ಆಯ್ತಾ? ಪಾರ್ಕಿನ ಸುದ್ದಿ ಎತ್ತಬೇಡ." ಹುಡುಗ ನಾಲ್ಕನೇ ಕ್ಲಾಸಿನವನು ಇರಬೇಕು. ಸ್ವಲ್ಪ ಹೊತ್ತು ಬಿಟ್ಟು ಕೇಳಿದ: "ಅಮ್ಮ, ಯಾರಿಗೂ ಹೇಳಬಾರದಾ? ಬೆಂಚಿನಲ್ಲಿ ಹತ್ತಿರ ಕೂರುವವನಿಗೂ?" ಆ ತಾಯಿಯನ್ನು ನಾನು ದೂರುವುದಿಲ್ಲ. ಅಣ್ಣ-ತಮ್ಮಂದಿರ ಮಕ್ಕಳು ಒಂದು ದಿನ ಒಟ್ಟಿಗಿರಲಿ ಎಂದು ಆಶೆಪಟ್ಟವರು ಅವರು. ಆದರೆ ಮಗು ತನ್ನ ಜೀವನದಲ್ಲಿ ಮೊದಲ ಬಾರಿ ದೊಡ್ಡ ಅಲೆಯ ಕೊಳ ನೋಡಿ ಬಂದಿದೆ, ಅದನ್ನು ಹೇಳದೆ ನುಂಗಿಕೊಳ್ಳಬೇಕು, ಮೇಲಿಂದ ಗುರುಗಳ ಮುಂದೆ ಸುಳ್ಳು ಹೇಳಬೇಕು. ಪ್ರವಾಸದ ಅರ್ಧ ಸಂತೋಷ ಮರುದಿನ ಶಾಲೆಯಲ್ಲಿ ಹೇಳುವುದರಲ್ಲೇ ಇರುವುದಲ್ಲವೇ.

ಪಾರ್ಕು ಎಂದರೆ ಉಳ್ಳವರ ಶೋಕಿ, ಅದಕ್ಕೆ ಶಾಲೆಯ ವೇಳಾಪಟ್ಟಿ ಬದಲಿಸಬೇಕೇ ಎಂದು ಕೇಳುವವರು ಇರಬಹುದು. ನನ್ನ ಗಾಡಿಗೆ ಹತ್ತುವವರನ್ನು ನೋಡಿದ್ದರೆ ಹಾಗೆ ಹೇಳುತ್ತಿರಲಿಲ್ಲ. ಬೀಡಿ ಕಟ್ಟುವ ತಾಯಂದಿರು ಬರುತ್ತಾರೆ, ಅಡಿಕೆ ಸುಲಿಯುವ ಕೆಲಸದವರು ಬರುತ್ತಾರೆ, ಕುಟುಂಬಶ್ರೀ ಎಂಬ ಹೆಂಗಸರ ಸ್ವಸಹಾಯ ಗುಂಪಿನವರು ವಾರವಾರ ಒಟ್ಟುಮಾಡಿದ ಹಣದಲ್ಲಿ ಮಕ್ಕಳ ಸಮೇತ ಬರುತ್ತಾರೆ. ಗಲ್ಫಿನಲ್ಲಿರುವ ಅಪ್ಪಂದಿರ ಕಥೆ ಇನ್ನೂ ಬೇರೆ. ಅವರ ರಜೆ ಕಂಪೆನಿ ಕೊಟ್ಟಾಗ. ಮಂಗಳೂರು ವಿಮಾನ ನಿಲ್ದಾಣದಿಂದ ಮನೆಗೆ ಬಿಡುವಾಗಲೇ ಕೇಳುತ್ತಾರೆ, "ಅಣ್ಣ, ಮಕ್ಕಳಿಗೆ ರಜೆ ಯಾವಾಗ ಅಂತ ಗೊತ್ತುಂಟಾ?" ಮುಂದಿನ ಸಲ ರಜೆಗೆ ಅರ್ಜಿ ಹಾಕುವಾಗ ಮಕ್ಕಳ ರಜೆಯ ತಾರೀಕು ಕೈಯಲ್ಲಿದ್ದರೆ ಆ ಅಪ್ಪನಿಗೆ ಎಷ್ಟು ಉಪಕಾರ! ಮುಸ್ಲಿಂ ಮನೆಗಳಲ್ಲಿ ಇನ್ನೊಂದು ವೇಳಾಪಟ್ಟಿ ಕೂಡ ಸೇರುತ್ತದೆ. ಮಕ್ಕಳಿಗೆ ಬೆಳಗ್ಗೆ ಮದ್ರಸ, ಅದಕ್ಕೆ ವಾರದ ರಜೆ ಶುಕ್ರವಾರ. ಆ ದಿನ ಶಾಲೆ ಇರುತ್ತದೆ. ಭಾನುವಾರ ಶಾಲೆಗೆ ರಜೆ, ಆದರೆ ಬೆಳಗ್ಗೆ ಮದ್ರಸ ಮುಗಿಸಿಯೇ ಹೊರಡಬೇಕು. ಹಾಗೆ ಹೊರಟರೆ ಪಾರ್ಕಿಗೆ ತಲುಪುವಾಗ ಮಧ್ಯಾಹ್ನ. ಈಚೆಗೆ ಕೆಲವು ಶನಿವಾರಗಳಲ್ಲೂ ತರಗತಿ ಇಡುವ ಕ್ರಮ ಬಂದಿರುವುದರಿಂದ ವಾರದ ಕೊನೆಯನ್ನೂ ನಂಬುವಂತಿಲ್ಲ. ಆರರಿಂದ ಎಂಟನೇ ಕ್ಲಾಸಿಗೆ ವರ್ಷಕ್ಕೆ 220 ಕೆಲಸದ ದಿನ ಬೇಕೆಂದು 2009ರ ಶಿಕ್ಷಣ ಹಕ್ಕು ಕಾಯ್ದೆಯೇ ಹೇಳುತ್ತದೆ, ಅದನ್ನು ಕಡಿಮೆ ಮಾಡಿ ಎಂದು ನಾನು ಕೇಳುತ್ತಿಲ್ಲ.

ಶಾಲೆಯಿಂದಲೇ ಪ್ರವಾಸ ಕರೆದುಕೊಂಡು ಹೋಗುತ್ತಾರಲ್ಲ ಎನ್ನಬಹುದು. ಹೋಗುತ್ತಾರೆ, ಒಳ್ಳೆಯದೇ. ಆದರೆ 2022ರ ಅಕ್ಟೋಬರ್ 5ರ ರಾತ್ರಿ ಪಾಲಕ್ಕಾಡು ಜಿಲ್ಲೆಯ ವಡಕ್ಕಂಚೇರಿಯಲ್ಲಿ ಊಟಿಗೆ ಹೊರಟಿದ್ದ ಶಾಲಾ ಪ್ರವಾಸದ ಬಸ್ಸು ಅಪಘಾತವಾಗಿ ಒಂಬತ್ತು ಜೀವ ಹೋದದ್ದನ್ನು ಚಾಲಕರಾದ ನಾವು ಮರೆಯಲು ಸಾಧ್ಯವಿಲ್ಲ. ರಾತ್ರಿ 9ರಿಂದ ಬೆಳಗ್ಗೆ 6ರವರೆಗೆ ಶಾಲಾ ಪ್ರವಾಸದ ಗಾಡಿ ಓಡಿಸಬಾರದು ಎಂಬ ನಿಯಮವನ್ನು ಬಿಗಿಯಾಗಿ ಪಾಲಿಸಲೇಬೇಕು. ಅದರ ಅರ್ಥ, ಕಾಸರಗೋಡಿನ ಶಾಲೆಯೊಂದು ಕೊಚ್ಚಿಗೋ ಬಿಡದಿಗೋ ಒಂದೇ ದಿನದಲ್ಲಿ ಹೋಗಿಬರಲು ಆಗುವುದಿಲ್ಲ. ರಾಜ್ಯದ ನಡುವಿನ ಜಿಲ್ಲೆಗಳವರಿಗೆ ಒಂದು ದಿನದ ಪ್ರವಾಸವಾದದ್ದು ತುದಿಯಲ್ಲಿರುವ ನಮಗೆ ಎರಡು ದಿನದ್ದು, ಉಳಿಯುವ ಖರ್ಚು ಸೇರಿಸಿ. ಎಷ್ಟೋ ಮಕ್ಕಳು ಹಣ ಕಟ್ಟಲಾಗದೆ ಮನೆಯಲ್ಲಿ ಉಳಿಯುತ್ತಾರೆ. ಅಲ್ಲದೆ ಶಾಲಾ ಪ್ರವಾಸದಲ್ಲಿ ಅಜ್ಜಿ ಇಲ್ಲ, ಮಾವನ ಮಕ್ಕಳಿಲ್ಲ.

ಆ ಒಟ್ಟಿಗಿರುವುದರಲ್ಲಿ ಏನಿದೆ ಎಂಬುದನ್ನು ನಾನು ಟಿಕೆಟ್ ಕೌಂಟರಿನ ಹತ್ತಿರ ನೋಡಿದ್ದೇನೆ. ದೊಡ್ಡ ಪಾರ್ಕುಗಳಲ್ಲಿ ಮಕ್ಕಳ ಟಿಕೆಟ್ ವಯಸ್ಸು ನೋಡಿ ಅಲ್ಲ, ಎತ್ತರ ನೋಡಿ. ಗೋಡೆಗೋ ಕಂಬಕ್ಕೋ ಅಳತೆಯ ಗೆರೆ ಹಾಕಿರುತ್ತಾರೆ. ಜೋರಿನ ರೈಡುಗಳಿಗೆ ಹೆಚ್ಚಾಗಿ 140 ಸೆಂಟಿಮೀಟರ್ ಬೇಕು. ಟಿಕೆಟಿನ ಹೊತ್ತಿಗೆ ಮಕ್ಕಳು ಕುತ್ತಿಗೆ ಕುಗ್ಗಿಸಿ ನಿಲ್ಲಬೇಕೆಂದು ದೊಡ್ಡವರಿಗೆ ಆಸೆ, ರೋಲರ್ ಕೋಸ್ಟರಿನ ಬುಡದಲ್ಲಿ ತುದಿಗಾಲಲ್ಲಿ ನಿಲ್ಲಬೇಕೆಂದು ಮಕ್ಕಳಿಗೆ ಆಸೆ. ಒಮ್ಮೆ ನನ್ನ ಮಗಳು ಗೆರೆ ದಾಟಿದಳು, ಅವಳಿಗಿಂತ ವಯಸ್ಸಿನಲ್ಲಿ ದೊಡ್ಡವನಾದ ಮಾವನ ಮಗ ದಾಟಲಿಲ್ಲ. ಅವನ ಮುಖ ಸಣ್ಣಗಾದದ್ದನ್ನು ನೋಡಿ ಇವಳು ಕ್ಯೂವಿನಿಂದ ಹೊರಗೆ ಬಂದು, "ನನಗೆ ಅದು ಹೆದರಿಕೆ, ನಾವು ಅಲೆಗೆ ಹೋಗುವ" ಎಂದು ಅವನ ಕೈ ಹಿಡಿದುಕೊಂಡು ಹೋದಳು. ಅವಳಿಗೆ ಹೆದರಿಕೆ ಏನೂ ಇರಲಿಲ್ಲ. ಇಂಥದ್ದನ್ನು ಮಕ್ಕಳು ಕಲಿಯುವುದಕ್ಕೆ ಅವರು ಒಂದೇ ದಿನ ಒಂದೇ ಜಾಗದಲ್ಲಿ ಇರಬೇಕು.

ಈಗ ಜೂನ್-ಜುಲೈ ರಜೆಯ ಸಂಗತಿ. ನಾನು ಅದಕ್ಕೆ ವಿರೋಧ. ಕರ್ನಾಟಕ ಬೇಸಿಗೆಯಲ್ಲೇ ರಜೆ ಕೊಡುತ್ತಾ ಇದ್ದು ಕೇರಳ ಮಾತ್ರ ಮಳೆಗಾಲಕ್ಕೆ ಹೋದರೆ, ಗಡಿಯ ಎರಡೂ ಕಡೆಯ ಮಕ್ಕಳಿಗೆ ಒಟ್ಟಿಗೆ ಸಿಗುವ ಒಂದೇ ಒಂದು ರಜೆಯೂ ಹೋಗುತ್ತದೆ. ದಾರಿಯ ಪ್ರಶ್ನೆಯೂ ಇದೆ. 2018ರ ಆಗಸ್ಟಿನಲ್ಲಿ ಜೋಡುಪಾಲದಲ್ಲಿ ಗುಡ್ಡ ಕುಸಿದು ಸಂಪಾಜೆ-ಮಡಿಕೇರಿ ರಸ್ತೆ ಮುಚ್ಚಿತು. ನಮಗೆ ಮೈಸೂರಿಗೆ ಅದೇ ಹತ್ತಿರದ ದಾರಿ. 2024ರ ಜುಲೈ ಕೊನೆಗೆ ಘಟ್ಟದ ಯಡಕುಮೇರಿ-ಕಡಗರವಳ್ಳಿ ನಡುವೆ ರೈಲು ಹಳಿಯ ಬುಡ ಜರಿದು ಬೆಂಗಳೂರಿನ ಬಂಡಿಗಳು ಹಲವು ದಿನ ನಿಂತವು. ಗುಡುಗು-ಮಿಂಚು ಇದ್ದರೆ ನೀರಿಗೆ ಮಕ್ಕಳನ್ನು ಇಳಿಸುವಂತಿಲ್ಲ. ಮಳೆಗಾಲದಲ್ಲಿ ಮಕ್ಕಳನ್ನು ಕೂರಿಸಿಕೊಂಡು ಘಟ್ಟ ಹತ್ತುವ ಚಾಲಕನಿಗೆ ಎದೆ ಹೇಗೆ ಹೊಡೆದುಕೊಳ್ಳುತ್ತದೆ ಎಂದು ಕಚೇರಿಯಲ್ಲಿ ಕೂತು ತೀರ್ಮಾನ ಮಾಡುವವರು ಒಮ್ಮೆ ಕೇಳಬೇಕು.

ನನ್ನ ಬೇಡಿಕೆ ದೊಡ್ಡದೇನಲ್ಲ. ಮಂಜೇಶ್ವರ, ಕುಂಬಳೆ, ಕಾಸರಗೋಡು ಉಪಜಿಲ್ಲೆಗಳ ಕನ್ನಡ ಮಾಧ್ಯಮ ಶಾಲೆಗಳಿಗೆ ದಸರೆಯ ಪೂಜಾ ರಜೆಗೆ ತಾಗಿಸಿ ಮೂರು ನಾಲ್ಕು ದಿನ ಸೇರಿಸಿಕೊಡಲಿ, ಅಷ್ಟನ್ನೇ ಶನಿವಾರಗಳಲ್ಲಿ ತರಗತಿ ಇಟ್ಟು ತುಂಬಿಸಲಿ. ಆಗ ಒಂದು ವಾರವಾದರೂ ಗಡಿಯ ಎರಡೂ ಕಡೆಯ ಮಕ್ಕಳು ಬಿಡುವಾಗಿರುತ್ತಾರೆ. ಇದಕ್ಕೆ ದಾರಿ ಇಲ್ಲ ಎನ್ನಲಾಗದು. ಗಣೇಶ ಚತುರ್ಥಿಗೆ ಕಾಸರಗೋಡು ಜಿಲ್ಲೆಗೆ ಮಾತ್ರ ಜಿಲ್ಲಾಧಿಕಾರಿಗಳು ಪ್ರಾದೇಶಿಕ ರಜೆ ಸಾರುವ ಪದ್ಧತಿ ಈಗಲೇ ಇದೆ. ಚೌತಿ ನಮಗೆ ಎಷ್ಟು ಮುಖ್ಯವೋ ನವರಾತ್ರಿಯೂ ಅಷ್ಟೇ ಮುಖ್ಯ ಎಂದು ಮಧೂರಿಗೂ ಕೊಲ್ಲೂರಿಗೂ ಆ ದಿನಗಳಲ್ಲಿ ಹೋಗುವ ಜನರನ್ನು ನೋಡಿದರೆ ತಿಳಿಯುತ್ತದೆ. ಮಹಾನವಮಿಗೆ ಗಾಡಿ ತೊಳೆದು ಆಯುಧಪೂಜೆ ಮಾಡಿ ಮನೆಯಲ್ಲೇ ನಿಲ್ಲಿಸುವವನು ನಾನು, ಆ ದಿನ ಬಾಡಿಗೆ ಹಿಡಿಯುವುದಿಲ್ಲ. ಅದರ ಹಿಂದೆ ಮುಂದೆ ಇರುವ ದಿನಗಳ ಮಾತು ಇದು. ಪಿಟಿಎ ಸಭೆಗಳಲ್ಲಿ ಹೆತ್ತವರು ಇದನ್ನು ಎತ್ತಿದರೆ, ಕನ್ನಡ ಅಧ್ಯಾಪಕರ ಸಂಘಟನೆಯವರು ಬರಹದಲ್ಲಿ ಕೊಟ್ಟರೆ ಮೇಲಿನವರ ಕಿವಿಗೆ ಬೀಳಬಹುದು.

ಇನ್ನೊಂದು, ತಾರೀಕುಗಳು ಬೇಗ ತಿಳಿಯಬೇಕು. 2024ರ ನವೆಂಬರ್ 1ರಿಂದ ರೈಲಿನಲ್ಲಿ ಮುಂಗಡ ಬುಕಿಂಗ್ 60 ದಿನ ಮೊದಲು ತೆರೆಯುತ್ತದೆ. ಓಣಂ ಒಂದು ವರ್ಷ ಆಗಸ್ಟಿನಲ್ಲಿ, ಇನ್ನೊಂದು ವರ್ಷ ಸೆಪ್ಟೆಂಬರಿನಲ್ಲಿ ಬರುತ್ತದೆ. ತಿರುವೋಣ 2025ರಲ್ಲಿ ಸೆಪ್ಟೆಂಬರ್ 5ಕ್ಕೆ ಇತ್ತು, 2026ರಲ್ಲಿ ಆಗಸ್ಟ್ 26ಕ್ಕೆ. ಹಾಗಾಗಿ ಪರೀಕ್ಷೆ ಯಾವ ದಿನ ಮುಗಿಯುತ್ತದೆ, ಶಾಲೆ ಯಾವ ದಿನ ತೆರೆಯುತ್ತದೆ ಎಂಬುದು ಶಾಲಾ ವರ್ಷ ಶುರುವಾಗುವ ಪ್ರವೇಶೋತ್ಸವದ ದಿನವೇ ಮಕ್ಕಳ ಡೈರಿಯಲ್ಲಿ ಬರೆದು ಬಂದರೆ ಹೆತ್ತವರು ನೆಮ್ಮದಿಯಿಂದ ಸೀಟು ಮಾಡಿಸಬಹುದು. ಕೊನೆಗಳಿಗೆಯಲ್ಲಿ ತತ್ಕಾಲ್ ಸಿಗದೆ ನನ್ನಂಥವರ ಗಾಡಿಗೆ ಹೆಚ್ಚು ಹಣ ಕೊಟ್ಟು ರಾತ್ರಿಯಿಡೀ ಪ್ರಯಾಣ ಮಾಡುವ ಪಾಡು ಅವರಿಗೆ ಬೇಡ. ನನಗೂ ಅಂಥ ಬಾಡಿಗೆ ಬೇಡ.

ನಿಮ್ಮ ಪತ್ರಿಕೆಯಿಂದಲೂ ಒಂದು ಸಹಾಯ ಕೇಳುತ್ತೇನೆ. ಪ್ರತಿ ವರ್ಷ ಜೂನ್ ಮೊದಲ ವಾರ ಕೇರಳ ಮತ್ತು ಕರ್ನಾಟಕ ಎರಡೂ ರಾಜ್ಯಗಳ ಶಾಲಾ ಪರೀಕ್ಷೆ, ರಜೆಗಳ ತಾರೀಕನ್ನು ಕಾಸರಗೋಡು ಪುಟದಲ್ಲಿ ಅಕ್ಕಪಕ್ಕ ಅಚ್ಚು ಹಾಕಿ. ಸಿಬಿಎಸ್‌ಇ, ಮದ್ರಸದ್ದೂ ಸಿಕ್ಕಿದರೆ ಸೇರಿಸಿ. ಕತ್ತರಿಸಿ ಗೋಡೆಗೆ ಅಂಟಿಸುವಷ್ಟು ಗಾತ್ರದಲ್ಲಿ ಇರಲಿ, ಮುಂದೆ ತಾರೀಕು ಬದಲಾದರೆ ಬದಲಾದದ್ದನ್ನೂ ಅದೇ ಜಾಗದಲ್ಲಿ ಹಾಕಿ. ಬದಿಯಡ್ಕದ ಟ್ಯಾಕ್ಸಿ ಸ್ಟ್ಯಾಂಡಿನ ಬೋರ್ಡಿಗೆ ಹಾಕುವ ಕೆಲಸ ನನ್ನದು.

ಇತಿ,
ಟ್ರಾವೆಲರ್ ಚಾಲಕ-ಮಾಲಕ,
ಬದಿಯಡ್ಕ, ಕಾಸರಗೋಡು ಜಿಲ್ಲೆ